ಬಿಲ್ಲಿಲ್ಲದ ಸೀಡಿಗಳು

ಅಂಕೋಲೆಗೆ ಪುಕ್ಕಟೆ ಸಾಫ್ಟ್‌ವೇರ್ ಮೊದಲು ತಂದವನು ನಾನೇ. ಸಾಕ್ಷಿ ಕೇಳೋಣವೆಂದರೆ ಅದನ್ನು ಕೊಟ್ಟು ಕಳಿಸಿದ ಕಾರವಾರದ ಕಂಪ್ಯೂಟರ್ ಮಾಸ್ತರರು ಈಗಿಲ್ಲ. ಬಾಳೆಗುಳಿಯಲ್ಲಿ ಕಳ್ಳ ಸೀಡಿ ಹುಡುಕುತ್ತಿದ್ದ ಪೊಲೀಸರು ನನ್ನ ಟೆಂಪೋ ತಡೆದು ಸೀಡಿಗಳ ಚೀಲ ಬಿಚ್ಚಿಸಿದರು.

“ಕಾಪಿ ಮಾಲೇನೋ?”

“ಹೌದು ಸಾಹೇಬ್ರೇ. ಸಾಫ್ಟ್‌ವೇರ್ ಮಾಡಿದವ್ರೇ ಕಾಪಿ ಮಾಡಿ ಹಂಚೂಕೆ ಹೇಳಿದಾರೆ.”

“ಬಿಲ್ಲು?”

“ಪುಕ್ಕಟೆ ಮಾಲು, ಬಿಲ್ಲಿಲ್ಲ.”

“ಪುಕ್ಕಟೆ ಯಾರು ಕೊಡ್ತಾರೋ? ಕದ್ದದ್ದೇ. ಜೀಪು ಹತ್ತು!”

ಹೆದರಿಕೆಗೆ ಹೆಂಡತಿ ಠಾಣೆಯ ಬಾಗಿಲಲ್ಲಿ ಅಳುವುದು ಕಣ್ಣಿಗೆ ಕಟ್ಟಿತು. ಕೊನೆಗೆ ಕವರಿನ ಮೇಲೆ ಇಂಗ್ಲಿಷಿನಲ್ಲಿದ್ದ ಕಾಪಿ ಮಾಡುವ ಅನುಮತಿಯನ್ನು ಗಟ್ಟಿಯಾಗಿ ಓದಿಬಿಟ್ಟೆ. ಸಾಹೇಬರು ಸೆಲ್ಯೂಟ್ ಹೊಡೆದು ನನ್ನನ್ನು ಬಿಟ್ಟರು.

ಇದನ್ನು ಕೇಳಿದ ಮೊಮ್ಮಗಳು, “ಅಜ್ಜಾ, ನೀನು ಕನ್ನಡವನ್ನೇ ಅಕ್ಷರ ಕೂಡಿಸಿ ಓದ್ಬೇಕು. ಇಂಗ್ಲಿಷ್ ಹ್ಯಾಂಗೆ ಬಂತು?” ಅಂದಳು.

ಭುಜ ಕುಣಿಸಿದೆ. “ಅಷ್ಟು ಹೆದರಿದ್ರೆ ಯಾರಿಗಾದ್ರೂ ಬರ್ತದೆ.”