ಕಣದ ಟಾರ್ಪಾಲಿನ ಹಾಯಿ

ಈಜು ಬಾರದವನು ನೀರಿಗಿಳಿಯುವ ಮುಂಚೆ ಪಡಬೇಕಾದ ಭಯವನ್ನೆಲ್ಲ ನಾನು ಹಿಂದಿನ ದಿನವೇ ಪಟ್ಟು ಮುಗಿಸಿದ್ದೆ. ಆದರೂ ತೆಪ್ಪಕ್ಕೆ ದೊಡ್ಡ ಹಾಯಿ ಕಟ್ಟಬೇಕೆಂದು ಹಟ ಹಿಡಿದವನು ನಾನೇ.

ಮಾಸ್ತಿ ಕಡೆಯ ನಮ್ಮೂರಿನ ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಆಚೆ ದಡದಲ್ಲಿ ನಮ್ಮ ಹಿಪ್ಪುನೇರಳೆ ತೋಟ, ಈಚೆ ದಡದಲ್ಲಿ ಮನೆ, ನಡುವಿನ ಕಾಲುದಾರಿ ನೀರಿನಡಿಯಲ್ಲಿ. ಟಾರು ರಸ್ತೆಯಲ್ಲಿ ಸುತ್ತಿ ತರುವಷ್ಟರಲ್ಲಿ ಸೊಪ್ಪು ಬಾಡುತ್ತಿತ್ತು. ಮನೆಯಲ್ಲೋ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟೆದ್ದ ರೇಷ್ಮೆ ಹುಳುಗಳು. ಆ ವಾರ ಅವಕ್ಕೆ ತಿನ್ನುವುದೊಂದೇ ಕೆಲಸ. ಬಾಡಿದ್ದು ಹಾಕಿದರೆ ಮೂತಿ ತಿರುಗಿಸುತ್ತವೆ, ನೆನೆದದ್ದು ಹಾಕಿದರೆ ರೋಗ ಬಿದ್ದು ಸಾಯುತ್ತವೆ. ಮೂರು ವಾರ ನಿದ್ದೆಗೆಟ್ಟು ಸಾಕಿದವಳು ನನ್ನ ಹೆಂಡತಿ.

ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ಬಾಮೈದ ರಜೆ ಹಾಕಿ ಬಂದ. ನಾಲ್ಕು ನೀಲಿ ಡ್ರಮ್ಮುಗಳ ಮೇಲೆ ಹಲಗೆ ಬಿಗಿದು ತೆಪ್ಪ ಮಾಡಿದ. ಬೆಳಿಗ್ಗೆ ಗಾಳಿಯಿಲ್ಲದಾಗ ಹಲಗೆ ತುಂಡಿನಿಂದ ನೀರು ತಳ್ಳುತ್ತಾ ಹೋಗುವುದು, ಬರುವಾಗ ಬೆನ್ನಿಗೆ ಬೀಸುವ ಮೂಡಗಾಳಿಗೆ ಹಾಯಿ ಕಟ್ಟುವುದು. ಮೊದಲ ದಿನ ಬಿದಿರಿಗೆ ಹಳೇ ಬೆಡ್‌ಶೀಟು ಕಟ್ಟಿದೆವು. ತೆಪ್ಪ ನಡುಗೆರೆಯಲ್ಲಿ ಎಮ್ಮೆಯ ಹಾಗೆ ನಿಂತುಬಿಟ್ಟಿತು. ದಡ ಸೇರುವಾಗ ಸೊಪ್ಪು ಬಾಡಿತ್ತು, ಹೆಂಡತಿಯ ಮುಖವೂ.

“ನಾಳೆ ಕಣದ ಟಾರ್ಪಾಲು ಕಟ್ಟೋಣ ಕಣೋ,” ಅಂದೆ.

“ಅದು ಚಪ್ಪರದಷ್ಟಿದೆ ಬಾವ. ಅರ್ಧ ಕುಯ್ದು ಕಟ್ಟಿದ್ರೆ ಸಾಕು. ವಿಡಿಯೋದಲ್ಲಿ ನೋಡಿಲ್ವಾ, ಸಮುದ್ರದಲ್ಲಿ ರೇಸ್ ಬಿಡೋರೇ ಗಾಳಿ ಜೋರಾದ್ರೆ ಪಟ ಕಮ್ಮಿ ಮಾಡ್ಕೊಂತಾರೆ.”

“ಬರೋ ತಿಂಗಳು ರಾಗಿ ಒಕ್ಕಣೆ ಐತೆ. ಅದನ್ನ ಕುಯ್ದ್ರೆ ನಿಮ್ಮಕ್ಕ ನನ್ನ ಕುಯ್ತಾಳೆ.”

ನಮ್ಮ ಕಡೆ ಅಣ್ಣತಮ್ಮಂದಿರು ಮನೆ, ಹೊಲ, ದನ ಎಲ್ಲ ಭಾಗ ಮಾಡಿಕೊಂಡರೂ ಟಾರ್ಪಾಲನ್ನು ಭಾಗ ಮಾಡುವುದಿಲ್ಲ, ಸರದಿಯಲ್ಲಿ ಹಾಸಿಕೊಳ್ಳುತ್ತಾರೆ. ಹಾಗಾಗಿ ಮರುದಿನ ತೋಟದ ದಡದಲ್ಲಿ ಸೊಪ್ಪು ಹೇರಿದ ಮೇಲೆ ಮಡಿಕೆ ಬಿಚ್ಚಿ ಇಡೀ ಟಾರ್ಪಾಲನ್ನೇ ಕಟ್ಟಿದೆ. ಕೆಳತುದಿಯ ಹಗ್ಗಗಳನ್ನು ಕೈಯಲ್ಲಿ ಹಿಡಿದುಕೋ ಅಂತ ಬಾಮೈದ ಹೇಳಿದ್ದ. ಕೈ ಜಾರಿದರೆ ಗತಿಯೇನೆಂಬ ಮುಂಜಾಗ್ರತೆಯಿಂದ ನಾನು ಅವನ್ನು ತೆಪ್ಪದ ಮುಂತುದಿಗೆ, ಹುಲ್ಲಿನ ಗಾಡಿಗೆ ಹಾಕುವ ಗಂಟು ಹಾಕಿ ಬಿಗಿದೆ.

ಮೊದಮೊದಲು ಸೊಗಸಾಗಿತ್ತು. ತೆಪ್ಪ ನೀರು ಸೀಳಿಕೊಂಡು ಓಡಿತು. “ನೋಡ್ದೇನ್ಲಾ?” ಎಂದು ನಾನು ಬೀಗುವಷ್ಟರಲ್ಲಿ ಗಾಳಿ ಒಮ್ಮೆಲೇ ಏರಿತು. ಟಾರ್ಪಾಲು ಬಸುರಿಯ ಹೊಟ್ಟೆಯಂತೆ ಉಬ್ಬಿ, ಬಿದಿರನ್ನು ಮುಂದಕ್ಕೆ ಬಗ್ಗಿಸಿತು. ಆಮೇಲೆ ವೇಗ ಹೆಚ್ಚಲಿಲ್ಲ. ಮುಂದಿನ ಎರಡು ಡ್ರಮ್ಮುಗಳು ನೀರಿನೊಳಕ್ಕೆ ಇಳಿಯತೊಡಗಿದವು. ಹಿಂದಿನವು ಮೇಲೆದ್ದವು. ಸೊಪ್ಪಿನ ಹೊರೆಗಳು ಮುಂದಕ್ಕೆ ಜರುಗಿದವು.

“ಹಗ್ಗ ಬಿಡು ಬಾವ!”

“ಕಟ್ಟಿದೀನಿ ಕಣೋ!”

“ಕಟ್ಟಿದೀಯಾ? ಯಾವ ಪುಣ್ಯಾತ್ಮ ಕಟ್ಟು ಅಂದೋನು?”

ಗಂಟು ಆಗಲೇ ಮೊಣಕಾಲುದ್ದ ನೀರಿನಲ್ಲಿತ್ತು. ಅತ್ತ ನಾನೊಂದು ಹೆಜ್ಜೆ ಇಟ್ಟೆ. ತೆಪ್ಪದ ಮೂತಿ ಇನ್ನೂ ಮುಳುಗಿತು. ಭಯವಾದರೆ ಅವನಿಗೆ ತೆಲುಗೇ ಬರುವುದು: “ವದ್ದು ಬಾವಾ, ವದ್ದು! ಬೇಡ, ಹಿಂದಕ್ಕೆ ಬಾ!” ಒಂದು ಹೊರೆಯ ಅಂಚಿಗೆ ನೀರು ಮುಟ್ಟಿತು. ಕೆರೆ ಏರಿಯ ಮೇಲೆ ಹೆಂಡತಿ ಎದ್ದುನಿಂತದ್ದು ಕಂಡಿತು.

ಸೊಪ್ಪು ಕೊಯ್ದ ಕುಡುಗೋಲು ನನ್ನ ಸೊಂಟದಲ್ಲಿತ್ತು, ಟಾರ್ಪಾಲು ಕೈಗೆಟುಕುವಂತಿತ್ತು. ಹೇಳಲು ನಾಚಿಕೆ: ಆ ಹೊತ್ತಿನಲ್ಲೂ ನಾನು ನೆನೆಸಿಕೊಂಡದ್ದು ಒಕ್ಕಣೆಯನ್ನು.

“ಕುಯ್ಯೋ ಮಾರಾಯ!” ಎಂದು ಬಾಮೈದ ಕಿರುಚಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಬಾವ ಅನ್ನುವುದನ್ನು ಬಿಟ್ಟಿದ್ದ.

ಟಾರ್ಪಾಲಿನ ನಡುವೆ ಕುಡುಗೋಲು ಚುಚ್ಚಿ, ನನ್ನ ಭಾರವನ್ನೆಲ್ಲ ಹಾಕಿ ಕೆಳಕ್ಕೆಳೆದೆ. ಸೀಳಿನೊಳಗಿಂದ ಗಾಳಿ ಹುಯ್ಯೆಂದು ನುಗ್ಗಿ ಹೋಯಿತು. ಒಂದು ಪಾಲು ಪಟಪಟ ಬಡಿದುಕೊಂಡಿತು, ಇನ್ನೊಂದು ಮಾತ್ರ ಉಬ್ಬಿ ಉಳಿಯಿತು. ಮುಂದಿನ ಡ್ರಮ್ಮುಗಳು ನಿಧಾನವಾಗಿ ಮೇಲೆದ್ದವು. ಆ ಅರ್ಧ ಹಾಯಿಯಲ್ಲೇ ತೆಪ್ಪ ಮೈ ನೆಟ್ಟಗೆ ಮಾಡಿಕೊಂಡು, ನಿನ್ನೆಗಿಂತ ಎಷ್ಟೋ ಬೇಗ ದಡ ಮುಟ್ಟಿತು.

ಹೆಂಡತಿ ಮೊದಲು ಹೊರೆಗಳಿಗೆ ಕೈಹಾಕಿ ನೋಡಿದಳು. ಒಂದರ ಅಂಚು ಮಾತ್ರ ನೆನೆದಿತ್ತು. ಅದನ್ನು ಬೇರೆ ಇಟ್ಟಳು. ಆಮೇಲೆ ತಮ್ಮನ ತಲೆ ಸವರಿದಳು. ಕೊನೆಗೆ ಟಾರ್ಪಾಲಿನ ಸೀಳಿನೊಳಗೆ ಕೈ ತೂರಿಸಿ ನನ್ನ ಮುಖ ನೋಡಿದಳು.

“ಕುಯ್ಯೋದೇ ಆಗಿದ್ರೆ ದಡದಲ್ಲೇ ಕುಯ್ಬಾರ್ದಿತ್ತಾ? ಸೀಳಾದ್ರೂ ನೆಟ್ಟಗೆ ಬರೋದು.”

ಹುಳುಗಳು ಗೂಡು ಕಟ್ಟುವವರೆಗೆ ದಿನವೂ ಅರ್ಧ ಟಾರ್ಪಾಲಿನಲ್ಲೇ ಸೊಪ್ಪು ತಂದೆವು. ಹಗ್ಗವನ್ನು ಬಾಮೈದನೇ ಹಿಡಿಯುತ್ತಿದ್ದ. ನನ್ನನ್ನು ಹಿಂದಿನ ಡ್ರಮ್ಮುಗಳ ಮೇಲೆ ಭಾರಕ್ಕೆಂದು ಕೂರಿಸಿದ್ದರು.