ತಳ್ಳುಗಾಡಿಯ ಮುಂದೆ ಹಂದಿ ಜ್ವರದ ತಿಳಿವಳಿಕೆ

ಹಂದಿ ಜ್ವರ ಬಂದ ವರ್ಷ ನಾನು ವೈಟ್‌ಫೀಲ್ಡ್ ಕಡೆಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ಪಟ್ಟಂದೂರು ಅಗ್ರಹಾರದಲ್ಲಿ ಹೊರಗಿನಿಂದ ಬಂದ ಕೂಲಿಯವರ ಬಾಡಿಗೆ ರೂಮುಗಳ ಮುಂದೆ ನಿಂತು ತಿಳಿವಳಿಕೆ ಹೇಳುವುದು ನನ್ನ ಕೆಲಸ. ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ, ಸೋಪು ಹಾಕಿ ಕೈ ತೊಳೆಯಿರಿ, ಜ್ವರ ಬಂದರೆ ಕೆಲಸಕ್ಕೆ ಹೋಗಬೇಡಿ. ರಾಯಚೂರಿನವರಿಗೆ ಹಂದಿ ಜ್ವರ ಅಂದೆ, ಅನಂತಪುರದವರಿಗೆ ಪಂದಿ ಜ್ವರಂ ಅಂದೆ, ಬಿಹಾರದವರಿಗೆ ಸುವರ್ ಬುಖಾರ್ ಅಂದೆ. ಮೂರು ಭಾಷೆಯಲ್ಲೂ ಜನರ ನೆನಪಿನಲ್ಲಿ ಉಳಿದದ್ದು ಹಂದಿ ಮಾತ್ರ.

ಮುಂದಿನ ವಾರ ಕೇಂದ್ರಕ್ಕೆ ಒಬ್ಬ ಹೆಂಗಸು ಬಂದರು. ಅದೇ ಊರಿನವರು, ಸಂಜೆ ತಳ್ಳುಗಾಡಿಯಲ್ಲಿ ಹಂದಿ ಮಾಂಸ ಹುರಿದು ಮಾರುತ್ತಿದ್ದರು.

"ಅಂದಿ ಜ್ವರ ಅಂತ ಏಳ್ಬುಟ್ಟು ಓದ್ರಿ. ಒಬ್ರೂ ಗಾಡಿ ತಾವ ಬರ್ತಿಲ್ಲ. ನಮ್ಮ ಅಂದಿ ಏನ್ ಮಾಡೈತೆ ಮೇಡಂ?"

"ಚೆನ್ನಾಗಿ ಬೇಯ್ಸಿದ ಮಾಂಸ ತಿಂದ್ರೆ ಬರಲ್ಲ ಅಕ್ಕ. ಜ್ವರ ಇರೋರು ಕೆಮ್ಮಿದ್ರೆ, ಸೀನಿದ್ರೆ ಬರತ್ತೆ."

"ನಂಗ್ಯಾಕ್ ಏಳ್ತೀರಿ? ಅವ್ರಿಗೆ ಏಳಿ."

ನ್ಯಾಯವಾದ ಮಾತು. ಡಾಕ್ಟರು ನನ್ನನ್ನು ಅಂದು ಸಂಜೆಯೇ ಜೀಪಿನಲ್ಲಿ ಕಳಿಸಿದರು. ಗಾಡಿಯ ಪಕ್ಕ ನಿಂತು ಮೂರೂ ಭಾಷೆಯಲ್ಲಿ ಹೇಳಿದೆ. ಜನ ರಸ್ತೆಯ ಆಚೆ ಬದಿಯಲ್ಲಿ ನಿಂತು ಕೇಳಿಸಿಕೊಂಡರು. ರಾಯಚೂರಿನ ಗಾರೆಯವನೊಬ್ಬ ಕೇಳಿದ: "ಮೇಡಂ, ನೀವು ತಿಂತೀರೇನ್ರೀ?"

"ಇಲ್ಲ, ನಾನು ತಿನ್ನಲ್ಲ" ಅಂದೆ.

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತರುವುದಿಲ್ಲ ಎಂದು ವಿವರಿಸುವಷ್ಟರಲ್ಲಿ ಅವನು ಪಕ್ಕದ ಬಿಹಾರಿಗೆ, "ಮೇಡಂ ನಹೀ ಖಾತೀ" ಅಂದುಬಿಟ್ಟಿದ್ದ. ನಾನು ಹೇಳಿದ್ದರಲ್ಲಿ ಇದೊಂದು ಎಲ್ಲರಿಗೂ ತಕ್ಷಣ ಅರ್ಥವಾಯಿತು. ಗುಂಪು ಆಚೆ ಬದಿಯಲ್ಲೇ ಇದ್ದ ಎಗ್‌ರೈಸ್ ಗಾಡಿಯ ಕಡೆ ನಡೆಯಿತು. ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಮ್ಮ ಜೀಪಿನ ಡ್ರೈವರ್ ತಮಿಳಿನವರು, ಮಾತು ಕಡಿಮೆ. ಕಾದು ಕಾದು ಹಸಿವಾಗಿತ್ತೋ ಏನೋ, ಇಳಿದು ಬಂದು ಒಂದು ಪ್ಲೇಟ್ ಹಾಕಿಸಿಕೊಂಡರು. ಖಾಕಿ ಬಟ್ಟೆಯಲ್ಲಿ ಸರ್ಕಾರಿ ಜೀಪಿಗೆ ಒರಗಿಕೊಂಡು ತಿಂದರು. ಮುಗಿಸಿ ಇನ್ನೊಂದು ಪ್ಲೇಟ್ ಕೇಳಿದರು. ಗಾರೆಯವನು ಅವರನ್ನೇ ನೋಡುತ್ತಿದ್ದ. ಎರಡನೇ ಪ್ಲೇಟೂ ಖಾಲಿಯಾಯಿತು, ಡ್ರೈವರಿಗೆ ಏನೂ ಆಗಲಿಲ್ಲ.

"ನನಗೂ ಒಂದ್ ಪ್ಲೇಟ್ ಕೊಡ್ರಿ" ಎಂದು ಅವನು ರಸ್ತೆ ದಾಟಿ ಬಂದ. ಹಿಂದೆಯೇ ಬಿಹಾರಿಯೂ ಬಂದ. ನನಗೆ ಸಮಾಧಾನವಾಯಿತು, ಸ್ವಲ್ಪ ಅವಮಾನವೂ ಆಯಿತು.

ಹೊರಡುವಾಗ ಆಕೆ ಡ್ರೈವರನ್ನು ತೋರಿಸಿ ನನ್ನನ್ನು ಕೇಳಿದರು: "ಇವ್ರು ನಾಳೆನೂ ಬತ್ತಾರಾ?"

"ನಾಳೆ ಮಹದೇವಪುರದಲ್ಲಿ ಡ್ಯೂಟಿ ಅಕ್ಕ."

"ಅಂಗಾದ್ರೆ ನಾಡಿದ್ದು ಕಳ್ಸಿ."

ನಾಡಿದ್ದು ಹೋದೆವು. ಡ್ರೈವರ್ ತಿಂದರು. ನಾನು ಪಕ್ಕದಲ್ಲಿ ಬಾಯಿಮುಚ್ಚಿಕೊಂಡು ನಿಂತಿದ್ದೆ. ವ್ಯಾಪಾರ ಚೆನ್ನಾಗಿಯೇ ಆಯಿತು.