ನಿಪ್ಪಟ್ಟಿನ ಡಬ್ಬಿ

ಪೆರು ಪ್ರವಾಸದಲ್ಲಿ ನನ್ನ ಜೊತೆ ರೂಮಿನಲ್ಲಿದ್ದವರು ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಹುಳ ಸಾಕುವ ಹೆಂಗಸು. ಯಾರ ಮುಖ ಬಾಡಿದರೂ ನಿಪ್ಪಟ್ಟಿನ ಡಬ್ಬಿ ಮುಂದೊಡ್ಡಿ, "ಇನ್ನೊಂಚೂರು ತಿನ್ನಮ್ಮ," ಎನ್ನುತ್ತಿದ್ದರು. ಅಲ್ಲಿನ ಡ್ರೈವರಿಗೂ ಕನ್ನಡದಲ್ಲೇ ಉಪಚಾರ.

ಬೆಟ್ಟಗಳ ನಡುವಿನ ಹಳೆಯ ಊರು ಅರೆಕಿಪಾ. ಅಲ್ಲಿನ ಮ್ಯೂಸಿಯಮ್ಮಿನ ಗಾಜಿನೊಳಗೆ, ಬಟ್ಟೆ ಸುತ್ತಿ ಮುದುಡಿ ಕೂರಿಸಿದ ಹುಡುಗಿಯ ಹೆಣವಿತ್ತು, ನೂರಾರು ವರ್ಷ ಹಳೆಯದು. ಬೆಟ್ಟದ ದೇವರಿಗೆ ಬಲಿ ಕೊಡುವ ಮುಂಚೆ ತಿಂಗಳುಗಟ್ಟಲೆ ಒಳ್ಳೆಯ ಊಟ ಹಾಕಿದ್ದರಂತೆ. ಗೈಡ್ ಹೇಳಿದ್ದನ್ನು ನಾನೇ ಅವರಿಗೆ ಕನ್ನಡದಲ್ಲಿ ಹೇಳಿದೆ.

ಅವರು ಗಾಜಿಗೆ ಕೈಯಿಟ್ಟರು. "ನಾವೂ ಅಷ್ಟೇ ಕಣಮ್ಮ. ಹುಳಕ್ಕೆ ಒಳ್ಳೇ ಸೊಪ್ಪೇ ಹಾಕ್ತೀವಿ. ಗೂಡು ಕಟ್ಟಿದ್ಮೇಲೆ ನೂಲು ತೆಗೆಯೋಕೆ ಶಿಡ್ಲಘಟ್ಟಕ್ಕೆ ಹೋಗಿ ಕುದಿಯೋ ನೀರಿಗೆ ಬೀಳ್ತವೆ."

ಮರುದಿನ ನೋಡಲು ಹೋದ ಆಳವಾದ ಕಣಿವೆಯೊಂದರ ಅಂಚಿನಲ್ಲಿ ನನಗೆ ತಲೆ ಸುತ್ತಿತು. ಅವರು ಡಬ್ಬಿ ತೆರೆದರು. "ಇನ್ನೊಂಚೂರು" ಎಂದವರು ಅಲ್ಲಿಗೇ ನಿಲ್ಲಿಸಿ, ಮುಚ್ಚಳ ಹಾಕಿಬಿಟ್ಟರು.